ಬ್ಯಾಡ್ಜ್ ಆಮೇಲೆ, ಮೊದ್ಲು ಕೀಲಿ ಕೊಡಿ: ಹೈಸ್ಕೂಲಲ್ಲಿ ಶಾಲಾ ಸಂಸತ್ತು ನಡೆಸೋದು ಹೆಂಗೆ

ಜೂನ್ ಮುಗಿಯೋದ್ರೊಳಗೆ ನಮ್ ದಾವಣಗೆರೆ ಸುತ್ತಮುತ್ತ ಯಾವ ಹೈಸ್ಕೂಲಿಗೆ ಹೋದ್ರೂ ಒಂದೇ ಸೀನು. ಶಾಲಾ ಸಂಸತ್ತಿನ ಎಲೆಕ್ಷನ್ನು, ಆಮೇಲೆ ಪ್ರಮಾಣವಚನ, ಹದಿನಾಲ್ಕು ಮಂತ್ರಿಗಳ ಎದೆ ಮೇಲೆ ಬ್ಯಾಡ್ಜು, ಒಂದು ಗ್ರೂಪ್ ಫೋಟೋ, ಅದು ಸಂಜೆ ಹೊತ್ತಿಗೆ ವಾಟ್ಸಾಪ್ ಗ್ರೂಪಿಗೆ, ಮಾರನೇ ದಿನ ಲೋಕಲ್ ಪೇಪರಿಗೆ. ಗಣಪತಿ ಹಬ್ಬ ಬರೋಷ್ಟೊತ್ತಿಗೆ ಆರೋಗ್ಯ ಮಂತ್ರಿ ಯಾರಪ್ಪ ಅಂತ ಕೇಳಿದ್ರೆ ಆರೋಗ್ಯ ಮಂತ್ರಿಗೇ ನೆನಪಿರಲ್ಲ.

ನಾನೂ ಹಂಗೇ ಮಾಡ್ಕೊಂಡು ಬಂದೋನು. ಸರ್ಕಾರಿ ಹೈಸ್ಕೂಲು, ಊರಿಂದ ಸ್ವಲ್ಪ ಆಚೆ, ಕಾಂಪೌಂಡ್ ಹಿಂದೇನೇ ಭದ್ರಾ ನಾಲೆ. ಸಮಾಜ ವಿಜ್ಞಾನದ ಮೇಷ್ಟ್ರು ಅಂದ್ಮೇಲೆ ಸಂಸತ್ತು ನಮ್ ಕೊರಳಿಗೇ ಬೀಳುತ್ತೆ, ಕೇಳೋದೇ ಇಲ್ಲ. ಮೊದಲ್ನೇ ವರ್ಷ ಬ್ಯಾಡ್ಜಿಗೆ ಅಂತಾನೇ ಕೈಯಿಂದ ಏಳ್ನೂರು ರೂಪಾಯಿ ಹಾಕಿದ್ದೆ. ಪ್ರಮಾಣವಚನ ಆಗಿ ಒಂದು ವಾರಕ್ಕೆ ಒಂಬತ್ತನೇ ಕ್ಲಾಸಿನ ಹುಡುಗಿ, ಕ್ರೀಡಾ ಮಂತ್ರಿ ಅವಳು, ಸ್ಟಾಫ್ ರೂಮ್ ಬಾಗ್ಲಲ್ಲಿ ನಿಂತ್ಕೊಂಡು ಕೇಳಿದ್ಲು, "ಸರ್, ಕ್ರೀಡಾ ಮಂತ್ರಿ ಅಂದ್ರೆ ನಾನ್ ಏನ್ ಮಾಡ್ಬೇಕ್ರಿ?" ಆಟದ ಸಾಮಾನು ನೋಡ್ಕೊಳಮ್ಮ ಅಂದೆ. "ಸಾಮಾನ್ ಇರೋ ರೂಮಿನ ಕೀಲಿ ನಿಮ್ ಹತ್ರ ಐತಲ್ರಿ ಸರ್" ಅಂದ್ಲು. ಅಷ್ಟೇ ಹೇಳಿ ಹೋದ್ಲು. ನನಗೆ ಮಧ್ಯಾಹ್ನ ಊಟ ಸರಿಯಾಗಿ ಇಳೀಲಿಲ್ಲ.

ಅವತ್ತಿಂದ ಕಲ್ತಿದ್ದನ್ನ ಇಲ್ಲಿ ಬರೀತಿದೀನಿ. ಹೊಸದಾಗಿ ಇಂಚಾರ್ಜ್ ತಗೊಂಡಿರೋ ಮೇಷ್ಟ್ರಿಗೆ, ಮೇಡಂಗಳಿಗೆ ಉಪಯೋಗ ಆಗ್ಬೋದು, ಮಕ್ಕಳೇ ಓದಿದ್ರೆ ಇನ್ನೂ ಒಳ್ಳೇದು, ನಿಮ್ ಸರ್ ಮುಂದೆ ಹಿಡೀರಿ.

ಮೊದ್ಲು ಕೆಲಸ ಹುಡುಕಿ, ಖಾತೆ ಆಮೇಲೆ

ಎಲೆಕ್ಷನ್ನಿಗೆ ಹತ್ತು ದಿನ ಮುಂಚೆ ಪ್ರತಿ ಕ್ಲಾಸಿಂದ ನಾಲ್ಕು ಮಕ್ಕಳನ್ನ ಕರ್ಕೊಂಡು, ಒಂದು ನೋಟ್‌ಬುಕ್ ಹಿಡ್ಕೊಂಡು, ಸ್ಕೂಲ್ ಪೂರ್ತಿ ಒಂದು ರೌಂಡ್ ಹಾಕಿ. ಗೇಟಿಂದ ಶುರು ಮಾಡಿ ಬಿಸಿಯೂಟದ ಅಡುಗೆ ಮನೆ, ಕೈ ತೊಳಿಯೋ ನಲ್ಲಿ, ಶೌಚಾಲಯ, ಲೈಬ್ರರಿ ಬೀರು, ಸೈಕಲ್ ನಿಲ್ಸೋ ಜಾಗ, ಎಲ್ಲಾ. ಎಲ್ಲೆಲ್ಲಿ ದಿನಾ ಏನೋ ಒಂದು ಕೆಲಸ ಆಗ್ಬೇಕಾಗಿದ್ದು ಆಗ್ತಿಲ್ವೋ ಅದನ್ನ ಮಕ್ಕಳೇ ಬರ್ಕೊಳ್ಳಿ, ನೀವು ಬಾಯಿ ಮುಚ್ಕೊಂಡಿರಿ, ಇದು ಕಷ್ಟ, ಆದ್ರೂ ಮುಚ್ಕೊಂಡಿರಿ. ನಮ್ಮಲ್ಲಿ ಮೊದಲ್ನೇ ಸಲ ಬಂದ ಪಟ್ಟಿ ನೋಡಿ ನಾನೇ ಬೆಚ್ಚಿದ್ದೆ. ನೀರಿನ ಟ್ಯಾಂಕು ಕೊನೇ ಸಲ ತೊಳ್ದಿದ್ದು ಯಾವಾಗ ಅಂತ ಯಾರಿಗೂ ಗೊತ್ತಿಲ್ಲ, ಲೈಬ್ರರಿ ಬೀರುವಿನ ಕೀಲಿ ಟ್ರಾನ್ಸ್‌ಫರ್ ಆಗಿ ಹೋದೋರ ಜೊತೆನೇ ಹೋಗಿದೆ, ಪ್ರಾರ್ಥನೆಯ ಮೈಕ್ ಬ್ಯಾಟರಿ ವಾರಕ್ಕೆ ಮೂರು ದಿನ ಸತ್ತಿರುತ್ತೆ.

ಆ ಪಟ್ಟಿಯಿಂದ ಖಾತೆ ಮಾಡಿ. ರಕ್ಷಣಾ ಖಾತೆ, ವಿದೇಶಾಂಗ ಖಾತೆ ಇದೆಲ್ಲ ಬೇಡ, ಕೆಲವು ಕಡೆ ನಿಜವಾಗ್ಲೂ ಇಟ್ಟಿರ್ತಾರೆ, ಹೈಸ್ಕೂಲಿಗೆ ಎಂಥ ವಿದೇಶಾಂಗ! ಐದಾರು ಖಾತೆ ಸಾಕು: ಆಟ, ಪುಸ್ತಕ, ನೀರು ಮತ್ತು ಸ್ವಚ್ಛತೆ, ಊಟ, ಪ್ರಾರ್ಥನೆ ಮತ್ತು ಕಾರ್ಯಕ್ರಮ, ಗೋಡೆ ಪತ್ರಿಕೆ. ಒಬ್ಬ ಪ್ರಧಾನಿ ಅಥವಾ ಮುಖ್ಯಮಂತ್ರಿ, ನಿಮ್ ಸ್ಕೂಲಲ್ಲಿ ಏನ್ ಅಂತೀರೋ ಅದು. ಒಬ್ಬ ವಿರೋಧ ಪಕ್ಷದ ನಾಯಕ ಇರ್ಲೇಬೇಕು, ಅದನ್ನ ಬಿಡ್ಬೇಡಿ. ಸೋತವರಲ್ಲಿ ಜಾಸ್ತಿ ಓಟ್ ತಗೊಂಡಿರೋರನ್ನ ಅಲ್ಲಿ ಕೂರ್ಸಿದ್ರೆ, ಸೋತು ಮುಖ ಊದಿಸ್ಕೊಂಡಿರೋ ಹುಡ್ಗನಿಗೆ ವರ್ಷವಿಡೀ ಕೆಲಸ ಸಿಕ್ಕಂಗೂ ಆಗುತ್ತೆ, ಗೆದ್ದೋರು ಮೈಮರಿಯಲ್ಲ.

ಇನ್ನೊಂದು, ಮಂತ್ರಿಗಳು ಹತ್ತನೇ ಕ್ಲಾಸಿನವರು ಆಗ್ಬೇಕು ಅನ್ನೋ ಪದ್ಧತಿ ಬಿಟ್ಬಿಡಿ. ಎಸ್ಸೆಸ್ಸೆಲ್ಸಿ ಮಕ್ಕಳಿಗೆ ದಸರಾ ಮುಗಿದ ಮೇಲೆ ಉಸಿರಾಡೋಕೂ ಟೈಮ್ ಇರಲ್ಲ, ಬೆಳಿಗ್ಗೆ ಸ್ಪೆಷಲ್ ಕ್ಲಾಸು, ಸಂಜೆ ಸ್ಪೆಷಲ್ ಕ್ಲಾಸು, ಅದಾದ್ಮೇಲೆ ಪೂರ್ವಸಿದ್ಧತಾ ಪರೀಕ್ಷೆ. ಖಾತೆ ಒಂಬತ್ತನೇ ಕ್ಲಾಸಿಗೆ, ಪ್ರತಿ ಖಾತೆಗೂ ಎಂಟನೇ ಕ್ಲಾಸಿಂದ ಒಬ್ಬ ಉಪಮಂತ್ರಿ. ಹತ್ತನೇ ಕ್ಲಾಸಿನವರು ಚುನಾವಣಾ ಆಯೋಗ, ಸ್ಪೀಕರ್ ಇಂಥದ್ದು ನೋಡ್ಕೊಳ್ಳಿ, ಅವರಿಗೂ ದೊಡ್ಡಸ್ತಿಕೆ, ದಿನದ ತಲೆನೋವಿಲ್ಲ.

ಎಲೆಕ್ಷನ್ನು

ಇದು ಎಲ್ಲರಿಗೂ ಇಷ್ಟ ಆಗೋ ಭಾಗ, ಹಂಗಾಗಿ ಇದಕ್ಕೇ ಎಲ್ಲ ಶಕ್ತಿ ಖರ್ಚು ಮಾಡ್ಬಿಡ್ತೀವಿ. ಒಂದು ವಾರದಲ್ಲಿ ಮುಗಿಸಿ. ಸೋಮವಾರ ಅಧಿಸೂಚನೆ ನೋಟಿಸ್ ಬೋರ್ಡಿಗೆ, ಮಂಗಳವಾರ ನಾಮಪತ್ರ, ಒಬ್ಬ ಸೂಚಕ ಒಬ್ಬ ಅನುಮೋದಕ ಸಹಿ ಮಾಡ್ಬೇಕು, ಬುಧವಾರ ಪರಿಶೀಲನೆ, ವಾಪಸ್ ತಗೊಳೋದು, ಚಿಹ್ನೆ ಹಂಚೋದು, ಗುರುವಾರ ಪ್ರಾರ್ಥನೆ ಟೈಮಲ್ಲಿ ಒಬ್ಬೊಬ್ಬರಿಗೆ ಒಂದು ನಿಮಿಷ ಭಾಷಣ, ಶುಕ್ರವಾರ ಸುಮ್ನಿರೋ ದಿನ, ಶನಿವಾರ ಓಟು, ಎಣಿಕೆ, ಫಲಿತಾಂಶ. ಚಿಹ್ನೆ ಮಕ್ಕಳಿಗೇ ಬಿಡಿ. ನಮ್ಮಲ್ಲಿ ಒಂದು ವರ್ಷ ಒಬ್ಬ ಮಂಡಕ್ಕಿ ಪೊಟ್ಟಣ ತಗೊಂಡ, ಅವನ ಎದುರಾಳಿ ಹುಡುಗಿ ಮೆಣಸಿನಕಾಯಿ ತಗೊಂಡ್ಲು, ಮಂಡಕ್ಕಿ ಮೆಣಸಿನಕಾಯಿ ಎರಡಕ್ಕೂ ಓಟ್ ಹಾಕಿದ ಪುಣ್ಯಾತ್ಮರು ಒಂಬತ್ತು ಜನ, ಒಂಬತ್ತೂ ಕುಲಗೆಟ್ಟ ಮತ ಆಯ್ತು. ದಾವಣಗೆರೆಯಲ್ಲಿ ಅವೆರಡನ್ನ ಬೇರೆ ಮಾಡಿ ಅಂದ್ರೆ ಇನ್ನೇನಾಗುತ್ತೆ.

ಈಗ ಮೊಬೈಲಲ್ಲಿ ವೋಟಿಂಗ್ ಮಷೀನ್ ಥರದ ಆ್ಯಪ್ ಬಂದಿವೆ, ಬಟನ್ ಒತ್ತಿದ್ರೆ ಬೀಪ್ ಅನ್ನುತ್ತೆ, ಮಕ್ಕಳಿಗೆ ಖುಷಿ. ನಾನು ಎರಡೂ ಮಾಡಿ ನೋಡಿದೀನಿ, ನನ್ನ ಓಟು ಕಾಗದಕ್ಕೆ. ಆ್ಯಪಲ್ಲಿ ಎಣಿಕೆ ಅನ್ನೋದೇ ಇಲ್ಲ, ಒಂದು ಸೆಕೆಂಡಿಗೆ ನಂಬರ್ ಬಂದ್ಬಿಡುತ್ತೆ, ಸೋತೋನಿಗೆ ಫೋನ್ ಮೇಲೇ ಅನುಮಾನ. ಕಾಗದ ಆದ್ರೆ ಏಜೆಂಟ್ ಮಕ್ಕಳು ಕಣ್ಣಲ್ಲಿ ಕಣ್ಣಿಟ್ಟು ನೋಡ್ತಾರೆ, ಒಂದೊಂದು ಚೀಟಿ ಬಿಚ್ಚಿದಾಗ್ಲೂ ಅರ್ಧ ರೂಮು "ಓ" ಅನ್ನುತ್ತೆ. ಚೀಟಿ ಜೆರಾಕ್ಸಿಗೆ ನೂರೈವತ್ತು ರೂಪಾಯಿ ಒಳಗೇ ಆಗುತ್ತೆ. ಕೊನೇ ಸಾಲಲ್ಲಿ ನೋಟಾ ಇಡಿ, ದೇಶದ ಚುನಾವಣೆಗೆ ಅದು 2013ರಲ್ಲಿ ಬಂತು, ಸ್ಕೂಲಿಗೆ ಯಾಕಿರಬಾರ್ದು. ಬೆರಳಿಗೆ ಶಾಯಿ ಬೇಕೇಬೇಕು ಅಂತಾರೆ ಮಕ್ಕಳು. ನಿಜವಾದ ಅಳಿಸಲಾಗದ ಶಾಯಿ ಮೈಸೂರಿನ ಪೇಂಟ್ಸ್ ಕಂಪನಿಯಿಂದ 1962ರ ಚುನಾವಣೆ ಕಾಲದಿಂದಲೂ ಬರ್ತಿರೋದು, ಅದು ನಮಗೆ ಸಿಗಲ್ಲ, ಹಂಗಾಗಿ ನೇಲ್ ಪಾಲಿಶ್. ಮಾರ್ಕರ್ ಪೆನ್ ಬೇಡ, ಒಬ್ಬ ನಲ್ಲಿ ಹತ್ರ ತೊಳ್ಕೊಂಡು ಎರಡನೇ ಸಲ ಕ್ಯೂನಲ್ಲಿ ನಿಂತಿದ್ದ. ಬೂತಲ್ಲಿ ಕೂತಿರೋ ಮಕ್ಕಳಿಗೆ ಮತದಾನದ ವಯಸ್ಸು 21 ಇದ್ದಿದ್ದು 61ನೇ ತಿದ್ದುಪಡಿಯಿಂದ 18 ಆಯ್ತು, 1989ರಲ್ಲಿ, ಅನ್ನೋದನ್ನ ಅವತ್ತು ಹೇಳಿ. ಪುಸ್ತಕ ಹಿಡ್ಕೊಂಡು ಹೇಳಿದ್ರೆ ಮರೀತಾರೆ, ಬೆರಳಿಗೆ ಬಣ್ಣ ಹಚ್ಚೋವಾಗ ಹೇಳಿದ್ರೆ ಮರಿಯಲ್ಲ.

ಆಮಿಷದ ಕೇಸ್ ಖಂಡಿತ ಬರುತ್ತೆ, ರೆಡಿ ಇರಿ. ಒಬ್ಬ ಹುಡುಗ ಎಂಟನೇ ಕ್ಲಾಸಿಗೆಲ್ಲ ಎಕ್ಲೇರ್ಸ್ ಹಂಚಿದ್ದ. ವಿರೋಧಿ ಕಡೆಯವರು ಲಿಖಿತ ದೂರು ಕೊಟ್ರು, ಸಾಕ್ಷಿಗೆ ಎರಡು ಕವರು ಪಿನ್ ಮಾಡಿ. ಹತ್ತನೇ ಕ್ಲಾಸಿನ ಮೂರು ಮಕ್ಕಳ ಆಯೋಗ ವಿಚಾರಣೆ ಮಾಡ್ತು, ನಾನು ಹೋಗಿ ಬಾಯಿ ಹಾಕಿದ್ರೆ ಅವನನ್ನ ಅನರ್ಹ ಮಾಡ್ತಿದ್ದೆ, ಅವರು ಮಾಡ್ಲಿಲ್ಲ. ಹಂಚಿದ ಚಾಕ್ಲೇಟಿನ ಕವರುಗಳನ್ನೆಲ್ಲ ಮೈದಾನದಿಂದ ಆರಿಸಿ ಎಣಿಸಿ ಆಯೋಗಕ್ಕೆ ಒಪ್ಪಿಸಬೇಕು, ಅಲ್ಲೀತನಕ ಪ್ರಚಾರ ಬಂದ್ ಅಂತ ಆದೇಶ. 43 ಕವರ್ ತಂದುಕೊಟ್ಟ. ಎಲ್ಲ ಆಗಿ ಅವನೇ ಹನ್ನೊಂದು ಓಟಲ್ಲಿ ಗೆದ್ದ. ಇದಕ್ಕೆ ನಾನೇನ್ ಹೇಳ್ಲಿ, ಸುಮ್ನೆ ಫಲಿತಾಂಶ ಓದಿದೆ.

ಕೀಲಿ ಮತ್ತೆ ರಿಜಿಸ್ಟರು

ಇಲ್ಲಿಂದ ನಿಜವಾದ ಕೆಲಸ. ಪ್ರಮಾಣವಚನದ ದಿನ ವೇದಿಕೆ ಮೇಲೆ, ಎಲ್ಲರ ಎದುರಿಗೆ, ಮಂತ್ರಿ ಕೈಗೆ ಒಂದು ವಸ್ತು ಕೊಡಿ. ಆಟದ ಮಂತ್ರಿಗೆ ಸ್ಪೋರ್ಟ್ಸ್ ರೂಮಿನ ಕೀಲಿ, ಪುಸ್ತಕದ ಮಂತ್ರಿಗೆ ಬೀರುವಿನ ಕೀಲಿ, ನೀರಿನ ಮಂತ್ರಿಗೆ ಸೋಪಿನ ಡಬ್ಬಿ, ಗೋಡೆ ಪತ್ರಿಕೆಗೆ ಸ್ಕೆಚ್ ಪೆನ್ ಬಾಕ್ಸು. ಜೊತೆಗೆ ಇನ್ನೂರು ಪೇಜಿನ ಒಂದು ನೋಟ್‌ಬುಕ್.

ಹೆಡ್ಮಾಸ್ಟರ್ ಒಪ್ಪಲ್ಲ, ಇದು ಗ್ಯಾರಂಟಿ. ಅವರದ್ದೂ ತಪ್ಪಲ್ಲ, ಸ್ಟಾಕ್ ರಿಜಿಸ್ಟರ್ ಅವರ ಹೆಸರಲ್ಲಿರುತ್ತೆ, ಆಡಿಟ್ ಬಂದಾಗ ಒಂದು ಶಟಲ್ ಬ್ಯಾಟ್ ಕಮ್ಮಿ ಬಂದ್ರೂ ಉತ್ತರ ಹೇಳ್ಬೇಕಾದೋರು ಅವರು. ಅದಕ್ಕೇ ಎಷ್ಟೋ ಸ್ಕೂಲಲ್ಲಿ ಹೊಸಾ ವಾಲಿಬಾಲು ಪ್ಲಾಸ್ಟಿಕ್ ಕವರ್ ಸಮೇತ ಬೀರುವಲ್ಲಿ ಮಲಗಿರುತ್ತೆ, ಮಕ್ಕಳು ಹೊರಗೆ ಸುತ್ತಿದ ಬಟ್ಟೆ ಚೆಂಡಲ್ಲಿ ಆಡ್ತಿರ್ತಾರೆ. ನಾನು ಮಾಡಿದ್ದು ಇಷ್ಟು: ಹಳೇ ಸಾಮಾನು, ಬಳಸಿ ಸವೆದಿದ್ದು, ಅದನ್ನಷ್ಟೇ ಒಂದು ಟ್ರಂಕಿಗೆ ಹಾಕಿ ಒಂದು ತಿಂಗಳು ಟ್ರಯಲ್ ಅಂತ ಕೊಟ್ವಿ. ತಿಂಗಳಾದ್ಮೇಲೆ ಮಕ್ಕಳ ನೋಟ್‌ಬುಕ್ ತಗೊಂಡು ಹೋಗಿ ತೋರ್ಸಿದೆ. ಪಿರಿಯಡ್, ತಗೊಂಡವರ ಹೆಸರು, ವಾಪಸ್ ಬಂದ ಟೈಮು, ಸಾಮಾನಿನ ಸ್ಥಿತಿ. ಹೆಡ್ಮಾಸ್ಟರ್ ಎರಡು ಪೇಜ್ ತಿರುವಿ ಹಾಕಿ "ಇದು ನಮ್ ಆಫೀಸ್ ರಿಜಿಸ್ಟರಿಗಿಂತ ನೀಟಾಗೈತಲ್ರಿ" ಅಂದ್ರು. ಮಾರನೇ ದಿನ ದೊಡ್ಡ ರೂಮಿನ ಕೀಲಿ ಬಂತು.

ಸಾಮಾನು ಕಳೆಯುತ್ತೆ. ಕಳೀಲಿ ಅಂತಲ್ಲ, ಕಳೆದಾಗ ಏನು ಅನ್ನೋದನ್ನ ಮೊದ್ಲೇ ಮಾತಾಡಿಟ್ಕೊಳ್ಳಿ. ನಮ್ಮಲ್ಲಿ ಸೆಪ್ಟೆಂಬರಲ್ಲಿ ಒಂದು ವಾಲಿಬಾಲು ಕಾಂಪೌಂಡ್ ಹಾರಿ ನಾಲೆಗೆ ಬಿತ್ತು, ನಾಲೆ ತುಂಬಿ ಹರೀತಿತ್ತು. ಚೆಂಡಿನ ಹಿಂದೆ ಯಾರೂ ನಾಲೆ ಕಡೆ ಕಾಲಿಡಬಾರ್ದು ಅನ್ನೋ ರೂಲು ಮೊದಲ್ನೇ ಪೇಜಲ್ಲೇ ಕೆಂಪಲ್ಲಿ ಬರ್ಸಿದ್ದೆ, ದೇವ್ರ ದಯೆ ಅದನ್ನ ಪಾಲಿಸಿದ್ರು. ನಿಮ್ ಸ್ಕೂಲ್ ಹತ್ರ ಕೆರೆ, ಬಾವಿ, ನಾಲೆ, ಹೈವೇ ಏನಿದ್ರೂ ಈ ರೂಲು ಮೊದ್ಲು ಬರೀರಿ, ಮಿಕ್ಕಿದ್ದೆಲ್ಲ ಆಮೇಲೆ. ಸಂಜೆ ನೋಟ್‌ಬುಕ್ಕಲ್ಲಿ ಆ ಕ್ರೀಡಾ ಮಂತ್ರಿ ಹುಡುಗಿ ಬರ್ದಿದ್ದು ಇಷ್ಟು: "ವಾಲಿಬಾಲ್ 1. ನಾಲೆಗೆ ಹೋಗಿದೆ. ಸ್ಥಿತಿ: ಚೆನ್ನಾಗಿ ತೇಲುತ್ತಿತ್ತು." ಆ ಪೇಜಿಗೆ ನಾನು ಸಹಿ ಹಾಕಿದೀನಿ.

ಒಂದೇ ಒಂದು ಕೀಲಿ ಮಾತ್ರ ಮಕ್ಕಳಿಗೆ ಕೊಡ್ಬೇಡಿ, ದೂರು ಪೆಟ್ಟಿಗೆದು. ಅದರೊಳಗೆ ಏನ್ ಬರುತ್ತೋ ಹೇಳಕ್ಕಾಗಲ್ಲ, ಮನೇಲಿ ಮದುವೆ ಮಾತುಕತೆ ನಡೀತಿದೆ ಅಂತ ಬರ್ದಿರ್ಬೋದು, ಬಸ್ಸಲ್ಲಿ ಯಾರೋ ಕಾಟ ಕೊಡ್ತಾರೆ ಅಂತಿರ್ಬೋದು. ಇಬ್ಬರು ಮೇಡಂಗಳು ಸೇರಿ ವಾರಕ್ಕೊಮ್ಮೆ ತೆಗೀಬೇಕು, ಹೆಸರು ಹೊರಗೆ ಬರ್ಬಾರ್ದು, ಪೆಟ್ಟಿಗೆ ಮೇಲೆ ಮಕ್ಕಳ ಸಹಾಯವಾಣಿ 1098 ದಪ್ಪಕ್ಷರದಲ್ಲಿ ಬರ್ದಿರ್ಬೇಕು. ಪೆಟ್ಟಿಗೆ ಸ್ಟಾಫ್ ರೂಮ್ ಎದುರಿಗೆ ಬೇಡ, ನಿಮ್ ಕಣ್ಣೆದುರಿಗೆ ಯಾರ್ ಬಂದು ಚೀಟಿ ಹಾಕ್ತಾರೆ.

ಟೈಮ್ ಎಲ್ಲಿ ಅಂತೀರಾ

ಸಂಜೆ ನಿಲ್ಸ್ಕೊಂಡು ಏನೂ ಮಾಡಕ್ಕಾಗಲ್ಲ, ಇದನ್ನ ನಾನು ಬಹಳ ತಡವಾಗಿ ಅರ್ಥ ಮಾಡ್ಕೊಂಡೆ. ನಮ್ ಮಕ್ಕಳಲ್ಲಿ ಅರ್ಧಕ್ಕಿಂತ ಜಾಸ್ತಿ ಹಳ್ಳಿ ಕಡೆಯೋರು, ಸಂಜೆ ಆ ಒಂದು ಬಸ್ ಹೋದ್ರೆ ಮುಂದಿನದ್ದು ಕತ್ತಲಾದ್ಮೇಲೇ. ಶಕ್ತಿ ಯೋಜನೆ 2023ರ ಜೂನಲ್ಲಿ ಬಂದ್ಮೇಲೆ ಹುಡುಗಿಯರಿಗೆ ಟಿಕೆಟ್ ಚಿಂತೆ ಇಲ್ಲ, ಆಧಾರ್ ತೋರ್ಸಿದ್ರೆ ಆಯ್ತು, ಹುಡುಗರು ಪಾಸ್ ಮಾಡಿಸ್ತಾರೆ, ಆದ್ರೆ ಬಸ್ಸೇ ಇಲ್ದಿದ್ರೆ ಆಧಾರು ಪಾಸು ಏನ್ ಮಾಡೋದು. ಸ್ಕೂಲ್ ಬಿಟ್ಮೇಲೆ ಮೀಟಿಂಗ್ ಇಟ್ರೆ ಬರೋದು ಊರೊಳಗಿನ ಮಕ್ಕಳಷ್ಟೇ, ಕ್ರಮೇಣ ಸಂಸತ್ತು ಅವರದ್ದೇ ಆಗ್ಬಿಡುತ್ತೆ, ನಿಮಗೆ ಗೊತ್ತೂ ಆಗಲ್ಲ.

ಹಂಗಾಗಿ ಮಧ್ಯಾಹ್ನ ಊಟದ ಬಿಡುವಲ್ಲಿ ಇಪ್ಪತ್ತು ನಿಮಿಷ, ವಾರಕ್ಕೆರಡು ದಿನ, ಮತ್ತೆ ಶನಿವಾರ ಕೊನೇ ಪಿರಿಯಡ್. ಶನಿವಾರದ್ದು ಸಂಸತ್ ಅಧಿವೇಶನ. ಪ್ರಶ್ನೋತ್ತರ ಮೊದ್ಲು, ಪ್ರಶ್ನೆ ಗುರುವಾರದೊಳಗೆ ಬರವಣಿಗೆಯಲ್ಲಿ ಸ್ಪೀಕರಿಗೆ ಕೊಟ್ಟಿರ್ಬೇಕು, ಉತ್ತರಕ್ಕೆ ಎರಡು ನಿಮಿಷ. "ಸರ್ ನೋಡ್ತಾರೆ" ಅನ್ನೋ ಉತ್ತರ ನಡಿಯಲ್ಲ ಅಂತ ಮಕ್ಕಳೇ ರೂಲು ಮಾಡಿದ್ರು. ಮೇಷ್ಟ್ರು ಹಿಂದಿನ ಬೆಂಚಲ್ಲಿ ಕೂತ್ಕೊಳ್ಳಿ, ಮಧ್ಯೆ ಎದ್ದು ನಿಂತ್ರೆ ಸ್ಪೀಕರ್ ಅನುಮತಿ ಕೇಳ್ಬೇಕು. ನಾನೊಂದ್ಸಲ ಕೇಳ್ದೆ ಶುರು ಮಾಡಿ "ಮಾನ್ಯ ಸದಸ್ಯರು ಕೂತ್ಕೊಳಿ" ಅನ್ನಿಸ್ಕೊಂಡಿದೀನಿ.

ಗೋಡೆ ಪತ್ರಿಕೆ

ನನ್ನ ಕೇಳಿದ್ರೆ ಎಲ್ಲಾ ಖಾತೆಗಿಂತ ಇದೇ ಮುಖ್ಯ. ಖರ್ಚು ಏನಿಲ್ಲ, ನಾಲ್ಕು ಡ್ರಾಯಿಂಗ್ ಶೀಟು, ಮೈದಾ ಹಿಟ್ಟಿನ ಗೋಂದು ಅಡುಗೆ ಮನೇಲೇ ಕಾಯ್ಸ್ಕೊಡ್ತಾರೆ, ಸ್ವಲ್ಪ ಮೈಲುತುತ್ತ ಹಾಕಿದ್ರೆ ಜಿರಳೆ ಬರಲ್ಲ ಅಂತ ಹಳಬರು ಹೇಳ್ತಾರೆ, ಮಕ್ಕಳ ಕೈಗೆ ಅದು ಬೇಡ, ಬರೀ ಗೋಂದು ಸಾಕು. ಹದಿನೈದು ದಿನಕ್ಕೊಂದು ಸಂಚಿಕೆ, ಸೋಮವಾರ ಪ್ರಾರ್ಥನೆಗೆ ಮುಂಚೆ ಅಂಟಿರ್ಬೇಕು. ಜಾಗ ಮುಖ್ಯ. ಆಫೀಸ್ ಎದುರಿಗೆ ಅಂಟಿಸಿದ್ರೆ ಇನ್ಸ್‌ಪೆಕ್ಷನ್ನಿಗೆ ಬಂದೋರು ಓದ್ತಾರೆ, ನಲ್ಲಿ ಪಕ್ಕದ ಗೋಡೆಗೆ ಅಂಟಿಸಿದ್ರೆ ಮಕ್ಕಳು ತಟ್ಟೆ ತೊಳಿಯೋಕೆ ಕ್ಯೂ ನಿಂತಾಗ ಓದ್ತಾರೆ.

ಸುಭಾಷಿತ, ನುಡಿಮುತ್ತು, ಸಾಮಾನ್ಯ ಜ್ಞಾನ ಕಾಪಿ ಮಾಡಿ ತುಂಬ್ಸೋದು ಬೇಡ ಅಂತ ಮೊದಲ್ನೇ ದಿನವೇ ಹೇಳ್ಬಿಡಿ. ನಮ್ ಸ್ಕೂಲಲ್ಲಿ, ನಮ್ ಊರಲ್ಲಿ, ನಮ್ ಬಸ್ಸಲ್ಲಿ ನಡೆದಿದ್ದು ಮಾತ್ರ. ಅಂಕಣಗಳು ತಾವಾಗೇ ಹುಟ್ತವೆ: ಈ ವಾರ ಲೇಟಾದ ಬಸ್ಸು, ಬಿಸಿಯೂಟದ ಸಾಂಬಾರಿಗೆ ಮಾರ್ಕ್ಸು, ಅಜ್ಜಿ ಹೇಳಿದ ಒಗಟು, ದುಗ್ಗಮ್ಮನ ಜಾತ್ರೆ ವರ್ಷ ಬಂದ್ರೆ ಆ ಸಂಚಿಕೆಗೆ ಜಾಗವೇ ಸಾಲಲ್ಲ. ಕಾಗುಣಿತ ತಪ್ಪು ಸಂಪಾದಕ ಮಕ್ಕಳು ತಿದ್ದಲಿ, ನೀವು ಕೆಂಪು ಪೆನ್ ಹಿಡ್ಕೊಂಡು ಗೋಡೆ ಹತ್ರ ಹೋಗ್ಬೇಡಿ. ಯಾರನ್ನೂ ಹೆಸರಿಡಿದು ಅವಮಾನ ಮಾಡೋದು, ಜಾತಿ, ಬಣ್ಣ, ಲವ್ ಸುದ್ದಿ ಇಷ್ಟು ಮಾತ್ರ ನಿಷೇಧ.

ಒಂದು ಸಂಚಿಕೆಯಲ್ಲಿ ಮೂಲೇಲಿ ಚಿಕ್ಕದಾಗಿ ಬಾರ್ಡರ್ ಹಾಕಿ ಒಂದು ಜಾಹೀರಾತು. "ಕಳೆದಿದೆ: ಹುಡುಗಿಯರ ಶೌಚಾಲಯದ ಎರಡನೇ ಬಾಗಿಲಿನ ಚಿಲಕ. ಕಳೆದು ಐದು ತಿಂಗಳಾಯಿತು. ಸಿಕ್ಕವರು ದಯವಿಟ್ಟು ವಾಪಸ್ ಹಾಕಿಸಿ. ಅಲ್ಲಿಯವರೆಗೆ ಹೊರಗೆ ಕಾವಲು ನಿಲ್ಲುವ ಗೆಳತಿಯರಿಗೆ ಧನ್ಯವಾದ." ಬರ್ದಿದ್ದು ಎಂಟನೇ ಕ್ಲಾಸಿನ ಒಬ್ಬ ಹುಡುಗಿ, ಕ್ಲಾಸಲ್ಲಿ ಬಾಯೇ ಬಿಡಲ್ಲ. ಬೆಳಿಗ್ಗೆ ಹತ್ತೂವರೆಗೆ ನನ್ನನ್ನ ಚೇಂಬರಿಗೆ ಕರೆದ್ರು, ಇದೆಲ್ಲ ಗೋಡೆ ಮೇಲೆ ಹಾಕೋದಾ, ಎಸ್‌ಡಿಎಂಸಿಯೋರು, ಅಂದ್ರೆ ಶಾಲಾಭಿವೃದ್ಧಿ ಸಮಿತಿಯೋರು, ಬಂದ್ರೆ ಏನಂತಾರೆ ಅಂತ ಸರಿಯಾಗೇ ಆಯ್ತು ನನಗೆ. ನಾನು ಅದೇ ರೋಡಲ್ಲಿ ಐದು ತಿಂಗಳು ಓಡಾಡಿದೀನಿ, ನನಗೆ ಗೊತ್ತಿರ್ಲಿಲ್ಲ, ಗೊತ್ತಾಗೋ ದಾರಿನೂ ಇರ್ಲಿಲ್ಲ. ಮಧ್ಯಾಹ್ನ ಮೂರಕ್ಕೆ ಚಿಲಕ ಬಂತು, ಸ್ಕ್ರೂ ಸೇರಿ ಅರವತ್ತು ರೂಪಾಯಿ. ಮುಂದಿನ ಸಂಚಿಕೆಯಲ್ಲಿ ಅದೇ ಮೂಲೇಲಿ, ಅದೇ ಸೈಜಲ್ಲಿ: "ಸಿಕ್ಕಿದೆ."

ದುಡ್ಡು, ಅಂದ್ರೆ ಮಕ್ಕಳ ಸಂತೆ

ಸಂಸತ್ತಿಗೆ ಅಂತ ಯಾವ ಗ್ರ್ಯಾಂಟೂ ನಿಮ್ ಕೈಗೆ ಬರಲ್ಲ ಅಂತಾನೇ ಅಂದ್ಕೊಳ್ಳಿ. ಡಿಸೆಂಬರ್ ಸುಮಾರಿಗೆ ಒಂದು ಮಕ್ಕಳ ಸಂತೆ ಇಡಿ. ಹೊಲ ಇರೋ ಮನೆ ಮಕ್ಕಳು ಸೊಪ್ಪು, ಬದನೆಕಾಯಿ, ಅವರೆಕಾಯಿ, ನಿಂಬೆಹಣ್ಣು ತರ್ತಾರೆ, ಊರಿನ ಮಕ್ಕಳು ನರ್ಗೀಸ್ ಮಂಡಕ್ಕಿ, ಚುರುಮುರಿ, ಕೊಬ್ಬರಿ ಮಿಠಾಯಿ, ಮಜ್ಜಿಗೆ. ಎಣ್ಣೆ ಕಾಯ್ಸೋ ಅಂಗಡಿ ಸ್ಕೂಲೊಳಗೆ ಬೇಡ, ಮೆಣಸಿನಕಾಯಿ ಬೇಕಂದ್ರೆ ಮನೇಲಿ ದೊಡ್ಡೋರು ಕರ್ದು ಕಳ್ಸ್ಲಿ. ತಕ್ಕಡಿ ಎರಡಾದ್ರೂ ಬೇಕು, ಮತ್ತೆ ಚಿಲ್ಲರೆ. ಚಿಲ್ಲರೆ ಇಲ್ಲದೆ ನಮ್ ಮೊದಲ್ನೇ ಸಂತೆ ಅರ್ಧ ಗಂಟೆಗೆ ಜಾಮ್ ಆಯ್ತು, ಎಲ್ಲರ ಕೈಯಲ್ಲೂ ನೂರರ ನೋಟು. ಈಗ ಹಿಂದಿನ ದಿನವೇ ಸಾವಿರ ರೂಪಾಯಿಗೆ ಐದು, ಹತ್ತರ ನಾಣ್ಯ ತಂದಿಟ್ಟು ಒಂದು ಟೇಬಲ್ಲಿಗೆ "ಬ್ಯಾಂಕು" ಅಂತ ಬೋರ್ಡ್ ಹಾಕ್ತೀವಿ. ಫೋನ್‌ಪೇ ಸ್ಕ್ಯಾನರ್ ಇಡೋಣ ಅಂತ ಬರೋ ಪೋಷಕರಿಗೆ ಕೈ ಮುಗೀರಿ, ಕೂಡೋದು ಕಳೆಯೋದು ತಲೇಲಿ ಆಗ್ಬೇಕು ಅನ್ನೋದಕ್ಕೇ ಸಂತೆ ಇಡೋದು.

ಲಾಭದಲ್ಲಿ ಎಷ್ಟು ಮಗುವಿಗೆ, ಎಷ್ಟು ಸಂಸತ್ತಿಗೆ ಅನ್ನೋದು ಸಂತೆಗೆ ಮುಂಚೆ ಅಧಿವೇಶನದಲ್ಲಿ ಪಾಸಾಗಿರ್ಬೇಕು. ಆಮೇಲೆ ಕೇಳಿದ್ರೆ ಜಗಳ. ನಮ್ಮಲ್ಲಿ ಲಾಭದ ಹತ್ತನೇ ಒಂದು ಪಾಲು ಸಂಸತ್ತಿಗೆ, ಲೆಕ್ಕ ಗೋಡೆ ಪತ್ರಿಕೆಯಲ್ಲಿ. ಒಬ್ಬನಿಗೆ ಲಾಸ್ ಆದ್ರೆ ಲಾಸ್ ಅಂತಾನೇ ಬರೀತೀವಿ, ಕೊತ್ತಂಬರಿ ಸೊಪ್ಪು ತಂದೋನು ಪಾಪ ಪ್ರತಿ ವರ್ಷ ಲಾಸ್.

ಊರಿಗೂ ಸ್ಕೂಲಿಗೂ ಸಂಬಂಧ

ನವೆಂಬರ್ ಸುಮಾರಿಗೆ ಗ್ರಾಮ ಪಂಚಾಯ್ತಿಯೋರು ಮಕ್ಕಳ ಗ್ರಾಮಸಭೆ ನಡೆಸ್ತಾರೆ. ಇದನ್ನ ಯಾವ ಕಾರಣಕ್ಕೂ ಮಿಸ್ ಮಾಡ್ಬೇಡಿ, ಮತ್ತೆ ಬರೀ ಸ್ವಾಗತಗೀತೆ ಹಾಡೋಕೆ ಮಕ್ಕಳನ್ನ ಕಳಿಸ್ಬೇಡಿ. ಮುಂಚೆ ಒಂದು ಅಧಿವೇಶನ ಪೂರ್ತಿ ಇದಕ್ಕೇ ಇಟ್ಟು ಮೂರೇ ಮೂರು ಬೇಡಿಕೆ ಆರಿಸಿ, ಹದಿನೈದು ಬೇಡಿಕೆ ಓದಿದ್ರೆ ಪಿಡಿಓ ಎಲ್ಲದಕ್ಕೂ ತಲೆ ಆಡಿಸಿ ಟೀ ಕುಡ್ದು ಎದ್ದು ಹೋಗ್ತಾರೆ. ಬೇಡಿಕೆ ಅಂದ್ರೆ ಅಳತೆ ಸಮೇತ ಇರ್ಬೇಕು: "ರಸ್ತೆ ಸರಿ ಮಾಡ್ಸಿ" ಅಲ್ಲ, "ಬಸ್ ಸ್ಟಾಪಿಂದ ಸ್ಕೂಲ್ ಗೇಟಿಗೆ ಮುನ್ನೂರ ಇಪ್ಪತ್ತು ಹೆಜ್ಜೆ, ನಾಲ್ಕು ಕಂಬ, ಉರಿಯೋದು ಒಂದು ಲೈಟು". ಹಂಗೆ ಓದಿದ ವರ್ಷ ಎರಡು ಲೈಟ್ ಬಂದ್ವು. ಮೂರನೇದು ಇವತ್ತಿಗೂ ಇಲ್ಲ, ಪ್ರತಿ ವರ್ಷ ಓದ್ತಾರೆ, ಓದ್ಲಿ. ಸಭೆಯ ನಡಾವಳಿಯ ಪ್ರತಿ ಕೇಳಿ ತಗೊಂಡು ಫೈಲ್ ಮಾಡಿ.

ಪ್ರತಿಭಾ ಕಾರಂಜಿ ಬಗ್ಗೆ ಜಾಸ್ತಿ ಬರಿಯಲ್ಲ, ಎಲ್ಲರಿಗೂ ಗೊತ್ತಿರೋದೇ, ಕ್ಲಸ್ಟರು, ತಾಲ್ಲೂಕು, ಜಿಲ್ಲೆ, ರಾಜ್ಯ. ಒಂದೇ ಮಾತು, ಪ್ರತಿ ವರ್ಷ ಅದೇ ಮೂರು ಮಕ್ಕಳನ್ನ ಭಾವಗೀತೆಗೂ ಭಾಷಣಕ್ಕೂ ರಂಗೋಲಿಗೂ ಹಾಕೋದು ಬಿಡಿ. ಒಂದು ಮಗುವಿಗೆ ಒಂದೇ ಸ್ಪರ್ಧೆ ಅಂತ ಸಂಸತ್ತಲ್ಲಿ ನಿರ್ಣಯ ಮಾಡಿದ ವರ್ಷ ನಮಗೆ ಬಹುಮಾನ ಕಮ್ಮಿ ಬಂತು, ನಿಜ. ಆದ್ರೆ ಮಿಮಿಕ್ರಿಗೆ ಯಾರೂ ಇಲ್ಲ ಅಂತ ಕಳಿಸಿದ ಹುಡುಗ ಬಸ್ ಸ್ಟ್ಯಾಂಡ್ ಕಂಡಕ್ಟರ್ ಕೂಗೋದನ್ನ, "ಹರಿಹರಾ ಹರಿಹರಾ ಹರಿಹರಾ", ಮಾಡಿ ಜಿಲ್ಲೆ ತನಕ ಹೋಗ್ಬಂದ.

ಸ್ಕೌಟ್ಸ್ ಗೈಡ್ಸ್ ಇದ್ರೆ ನಮ್ ಜಿಲ್ಲೆಯೋರಿಗೆ ಕೊಂಡಜ್ಜಿ ಇದೆ, ಗುಡ್ಡ ಕೆರೆ ಪಕ್ಕದಲ್ಲೇ ಕ್ಯಾಂಪ್ ಜಾಗ, ಎಲ್ಲೆಲ್ಲಿಂದಲೋ ಮಕ್ಕಳು ಅಲ್ಲಿಗೆ ಬರ್ತಾರೆ, ಹತ್ರದಲ್ಲೇ ಇಟ್ಕೊಂಡು ನಾವು ಹೋಗ್ದೆ ಇರೋದು ನಾಚಿಕೆ. ಪರಿಸರ ಸಂಘದೋರಿಗೆ ಕುಂದವಾಡ ಕೆರೆ, ಬೆಳಿಗ್ಗೆ ಏಳಕ್ಕೆ ಹೋಗಿ ಬೆಳ್ಳಕ್ಕಿ, ನೀರುಕಾಗೆ, ಮಿಂಚುಳ್ಳಿ ಎಣಿಸಿ ಬರ್ಕೊಂಡು ಬನ್ನಿ, ಪ್ರತಿ ತಿಂಗಳು ಅದೇ ಜಾಗದಲ್ಲಿ ಎಣಿಸಿದ್ರೆ ಮಾರ್ಚಲ್ಲಿ ಒಳ್ಳೇ ಚಾರ್ಟ್ ಆಗುತ್ತೆ.

ಪ್ರವಾಸ ಅಂದ್ರೆ ಮೂರು ರಾತ್ರಿ ಮೈಸೂರು ಬೆಂಗಳೂರು ಅಂತಲೇ ಯಾಕೆ, ಅಷ್ಟು ದುಡ್ಡು ಕೊಡಕ್ಕಾಗ್ದೆ ಉಳ್ಕೊಳೋ ಮಕ್ಕಳ ಮುಖ ನೋಡಕ್ಕಾಗಲ್ಲ. ದಾವಣಗೆರೆಯಿಂದ ಚಿತ್ರದುರ್ಗ ಹತ್ರ ಹತ್ರ ಅರವತ್ತು ಕಿಲೋಮೀಟರು, ಹೈವೇ, ಬೆಳಿಗ್ಗೆ ಹೋಗಿ ಸಂಜೆ ವಾಪಸ್. ಕೋಟೆ ಪುರಾತತ್ವ ಇಲಾಖೆದು, ಹದಿನೈದು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ, ಹತ್ತನೇ ಕ್ಲಾಸಿನೋರಲ್ಲಿ ಕೆಲವರಿಗೆ ವಯಸ್ಸು ದಾಟಿರುತ್ತೆ, ಸ್ಕೂಲ್ ಲೆಟರ್ ಜೊತೆ ಹುಟ್ಟಿದ ದಿನಾಂಕದ ಪಟ್ಟಿ ಇಟ್ಕೊಂಡಿರಿ. ಪ್ಲಾನ್ ಸಂಸತ್ತೇ ಮಾಡ್ಲಿ: ಬಸ್ ಬಾಡಿಗೆ ಮೂರು ಕಡೆ ವಿಚಾರ್ಸೋದು, ತಲೆಗೆಷ್ಟು ಅಂತ ಭಾಗ ಮಾಡೋದು, ಬುತ್ತಿ ಯಾರ್ಯಾರು ತರ್ತಾರೆ, ಐದೈದು ಮಕ್ಕಳ ಗುಂಪಿಗೆ ಒಬ್ಬ ನಾಯಕ. ಬುತ್ತಿ ಚೀಲ ಕೈಯಲ್ಲಿ ಜೋತಾಡಿಸ್ಕೊಂಡು ಹೋದ್ರೆ ಕೋತಿಗಳು ಬಿಡಲ್ಲ, ಬೆನ್ನಿಗೆ ಹಾಕೋ ಬ್ಯಾಗಲ್ಲೇ ಇರ್ಲಿ. ಓಬವ್ವನ ಕಿಂಡಿ ಹತ್ರ ಎಲ್ಲರೂ ಒಂದ್ಸಲ ತೂರಬೇಕು ಅಂತಾರೆ, ಅಲ್ಲಿಗೇ ಮುಕ್ಕಾಲು ಗಂಟೆ ಇಟ್ಕೊಳ್ಳಿ. 1779ರಲ್ಲಿ ಹೈದರಾಲಿ ಕೋಟೆ ತಗೊಂಡ ಕಥೆ ಹೇಳೋಕೆ ಒಬ್ಬ ವಿದ್ಯಾರ್ಥಿಗೇ ಮೊದ್ಲೇ ಹೇಳಿಡಿ, ಗೈಡ್ ಥರ, ನಿಮ್ಗಿಂತ ಚೆನ್ನಾಗಿ ಹೇಳ್ತಾನೆ. ಟೈಮ್ ಉಳಿದ್ರೆ ಚಂದ್ರವಳ್ಳಿ, ಮಯೂರವರ್ಮನ ಶಾಸನ ಅಲ್ಲೇ ಬಂಡೆ ಮೇಲಿದೆ.

ಫೆಬ್ರವರಿಯಲ್ಲಿ ಮಾಡ್ಲೇಬೇಕಾದ್ದು

ಎಲ್ಲರೂ ಮರಿಯೋದು ಇದನ್ನೇ. ಮಾರ್ಚ್ ಬಂದ್ರೆ ಪರೀಕ್ಷೆ, ಏಪ್ರಿಲ್ ರಜೆ, ಜೂನಲ್ಲಿ ಮತ್ತೆ ಸೊನ್ನೆಯಿಂದ ಶುರು. ಅದಕ್ಕೆ ಫೆಬ್ರವರಿ ಎರಡನೇ ಶನಿವಾರ ಹಸ್ತಾಂತರ. ಪ್ರತಿ ಮಂತ್ರಿ ತನ್ನ ಉಪಮಂತ್ರಿನ ಪಕ್ಕದಲ್ಲಿ ಕೂರಿಸ್ಕೊಂಡು, ನೋಟ್‌ಬುಕ್ಕಿನ ಕೊನೇ ಎರಡು ಪೇಜಲ್ಲಿ ಮುಂದಿನೋರಿಗೆ ಅಂತ ಬರೀಬೇಕು. ಸಾಮಾನಿನ ಪಟ್ಟಿ, ಏನ್ ಕೆಟ್ಟಿದೆ, ಯಾರ್ ಹತ್ರ ಹೋದ್ರೆ ಕೆಲಸ ಆಗುತ್ತೆ, ಯಾರ್ ಹತ್ರ ಹೋದ್ರೆ ಆಗಲ್ಲ. ಈ ಪೇಜ್ ಮಾತ್ರ ಮೇಷ್ಟ್ರು ಓದಲ್ಲ ಅಂತ ನಾನು ಮಾತು ಕೊಟ್ಟಿದ್ದೆ.

ಒಂದ್ಸಲ ಮಾತು ತಪ್ಪಿದೆ. ಆ ಕ್ರೀಡಾ ಮಂತ್ರಿ ಹುಡುಗಿದು, ಹತ್ತನೇ ಕ್ಲಾಸಿಗೆ ಹೋದ್ಮೇಲೆ ಬೀರುವಲ್ಲಿ ಸಿಕ್ತು. ಮೊದಲ್ನೇ ಸಾಲು: "ಕೀಲಿಗೆ ಕೆಂಪು ದಾರ ಕಟ್ಟಿದೀನಿ, ಬಿಚ್ಚಬೇಡ. ಗಾಳಿ ಹಾಕೋ ಪಂಪಿನ ಪಿನ್ನು ಹೆಡ್ಮಾಸ್ಟರ್ ಟೇಬಲ್ಲಿನ ಎರಡನೇ ಡ್ರಾದಲ್ಲಿ ಐತಿ. ಕೇಳಿದ್ರೆ ನಾಳೆ ಬಾ ಅಂತಾರೆ, ಸರ್ ಊಟಕ್ಕೆ ಹೋದಾಗ ತಗೊಂಡು ವಾಪಸ್ ಅಲ್ಲೇ ಇಡು."